ರಾಫ್ಟ್ ಕಲಿಸುವ ಪುಟ ಕಟ್ಟಿದ್ದು: ಓದುವವರೇ ಸರ್ವರ್ ಕೆಡವಿ ನೋಡಲಿ ಅಂತ

ಐದು ಸರ್ವರ್‌ಗಳಿವೆ ಅಂದುಕೊಳ್ಳಿ. ಐದರಲ್ಲೂ ಒಂದೇ ಮಾಹಿತಿ, ಒಂದೇ ಕ್ರಮದಲ್ಲಿ ಇರಬೇಕು. ಎರಡು ಕೆಟ್ಟು ನಿಂತರೂ ಉಳಿದ ಮೂರು ಕೆಲಸ ಮುಂದುವರಿಸಬೇಕು. ಒಮ್ಮೆ "ಬರೆದುಕೊಂಡಾಯ್ತು" ಅಂತ ಉತ್ತರ ಕೊಟ್ಟ ಮೇಲೆ ಆ ಮಾಹಿತಿ ಯಾವ ಕಾರಣಕ್ಕೂ ಅಳಿಯಬಾರದು. ಕೇಳಲು ಸರಳ. ಮಾಡಲು ಹೋದರೆ ಮೆಸೇಜ್ ತಡವಾಗುತ್ತದೆ, ಕಳೆದುಹೋಗುತ್ತದೆ, ಸತ್ತ ಸರ್ವರ್ ಹಳೇ ನೆನಪು ಹೊತ್ತು ಎದ್ದು ಬರುತ್ತದೆ. ಆಗ ಯಾರ ಮಾತು ನಂಬಬೇಕು?

ಇದನ್ನು ಬಗೆಹರಿಸುವ ಅಲ್ಗಾರಿದಮ್‌ಗಳಲ್ಲಿ ಒಂದು ರಾಫ್ಟ್. ಸ್ಟ್ಯಾನ್‌ಫರ್ಡ್‌ನ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಇದರ ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮುಂಚೆ ಹೆಚ್ಚಿನವರು ಕಲಿಯುತ್ತಿದ್ದದ್ದು ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸೊಸ್. ಅದು ಸರಿಯಾಗಿ ಕೆಲಸ ಮಾಡುತ್ತದೆ, ಆದರೆ ತಲೆಗೆ ಹತ್ತುವುದಿಲ್ಲ ಅನ್ನುವ ದೂರು ಹಳೆಯದು. ಜನರಿಗೆ ಅರ್ಥವಾಗಲಿ ಅಂತಲೇ ರಾಫ್ಟ್ ಹುಟ್ಟಿತು. 43 ವಿದ್ಯಾರ್ಥಿಗಳಿಗೆ ಎರಡನ್ನೂ ಕಲಿಸಿ ಪರೀಕ್ಷೆ ಕೊಟ್ಟಾಗ 33 ಮಂದಿಗೆ ರಾಫ್ಟ್‌ನಲ್ಲೇ ಜಾಸ್ತಿ ಅಂಕ ಬಂತು. ಇವತ್ತು ಅನೇಕ ಯಂತ್ರಗಳಲ್ಲಿ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ತನ್ನ ಮಾಹಿತಿ ಇಡುವ ಇಟಿಸಿಡಿ ಡೇಟಾಬೇಸ್ ಒಳಗೆ ಓಡುವುದು ಇದೇ ರಾಫ್ಟ್.

ಇಷ್ಟಾದರೂ ಮೊದಲ ಸಲ ಓದುವವರು ಒಂದು ಕಡೆ ಎಡವುತ್ತಾರೆ. ಒಂದೊಂದು ನಿಯಮವೂ ಬಿಡಿಬಿಡಿಯಾಗಿ ಅರ್ಥವಾಗುತ್ತದೆ. ಆದರೆ ಆ ನಿಯಮ ಇಲ್ಲದಿದ್ದರೆ ಏನು ಅನಾಹುತ ಆಗುತ್ತಿತ್ತು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಾನು ರಾಫ್ಟ್ ಕಲಿಸುವ ಈ ವೆಬ್ ಪುಟ ಕಟ್ಟಲು ಕೂತೆ. ಓದುವವರು ಸರ್ವರ್ ಮೇಲೆ ಒತ್ತಿದರೆ ಅದು ಸಾಯಬೇಕು. ಹಾರುತ್ತಿರುವ ಮೆಸೇಜ್ ಮೇಲೆ ಒತ್ತಿದರೆ ಅದು ಕಳೆದುಹೋಗಬೇಕು. ಒಂದು ನಿಯಮವನ್ನು ಆಫ್ ಮಾಡಿದರೆ ಅದರ ಪರಿಣಾಮ ಅಲ್ಲೇ ಕಾಣಬೇಕು.

ಈ ಹಟಕ್ಕೆ ಒಂದು ಆಧಾರವೂ ಇದೆ. ಅಲ್ಗಾರಿದಮ್‌ಗಳನ್ನು ಚಿತ್ರದಲ್ಲಿ ತೋರಿಸಿದರೆ ಕಲಿಕೆ ಹೆಚ್ಚುತ್ತದೆಯೇ ಅಂತ ನಡೆದ 24 ಪ್ರಯೋಗಗಳನ್ನು ಹಂಡ್‌ಹೌಸನ್, ಡಗ್ಲಸ್ ಮತ್ತು ಸ್ಟಾಸ್ಕೊ 2002ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಚಿತ್ರ ಏನು ತೋರಿಸುತ್ತದೆ ಅನ್ನುವುದಕ್ಕಿಂತ ಕಲಿಯುವವರು ಅದನ್ನು ಹಿಡಿದು ಏನು ಮಾಡುತ್ತಾರೆ ಅನ್ನುವುದೇ ಮುಖ್ಯ ಅಂತ ಅವರು ಕಂಡರು. ಸುಮ್ನೆ ಕೂತು ನೋಡುವ ಅನಿಮೇಷನ್ ಎಷ್ಟೇ ಚೆನ್ನಾಗಿರಲಿ, ನೋಡಿದವರಿಗೆ "ಅರ್ಥವಾಯ್ತು" ಅನ್ನಿಸುತ್ತದೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ.

ಮೊದಲು ಎಂಜಿನ್

ಚಿತ್ರ ಬಿಡಿಸುವ ಮುಂಚೆ ನಿಜವಾದ ರಾಫ್ಟ್ ಬರೆದೆ. ಓದುವವರು ಎಲ್ಲಿ ಏನು ಕೆಡಿಸುತ್ತಾರೋ ಹೇಳಲಾಗದು. ಹಾಗಾಗಿ ಮೊದಲೇ ಬರೆದಿಟ್ಟ ಅನಿಮೇಷನ್ ಇಲ್ಲಿ ನಡೆಯುವುದಿಲ್ಲ. ಒಳಗೆ ಅಲ್ಗಾರಿದಮ್ಮೇ ಓಡಬೇಕು.

ಎಲ್ಲವೂ ಬರೀ ಜಾವಾಸ್ಕ್ರಿಪ್ಟ್, ಯಾವ ಲೈಬ್ರರಿಯೂ ಇಲ್ಲ. ಎಂಜಿನ್‌ಗೆ ಪರದೆ ಅಂದರೆ ಏನು ಅಂತಲೇ ಗೊತ್ತಿಲ್ಲ. ಈಗಿನ ಸ್ಥಿತಿ ಮತ್ತು ಒಂದು ಘಟನೆ ಕೊಟ್ಟರೆ ಹೊಸ ಸ್ಥಿತಿ ಮತ್ತು ಹೊರಗೆ ಹೋಗಬೇಕಾದ ಮೆಸೇಜ್‌ಗಳನ್ನು ಕೊಡುತ್ತದೆ, ಅಷ್ಟೇ. ಘಟನೆಗಳು ಮೂರೇ ಬಗೆ: ಟೈಮರ್ ಮುಗಿಯಿತು, ಮೆಸೇಜ್ ತಲುಪಿತು, ಓದುವವರು ಏನೋ ಮಾಡಿದರು. ಎಲ್ಲವೂ ಸಮಯದ ಪ್ರಕಾರ ಒಂದೇ ಸರತಿಯಲ್ಲಿ ನಿಲ್ಲುತ್ತವೆ.

ಟೈಮರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಇಂಥ ಯಾವ ಸಿಮ್ಯುಲೇಟರ್‌ಗೂ ಬೇಕಾಗುತ್ತದೆ. ರಾಫ್ಟ್‌ನಲ್ಲಿ ಓಟು ಗೆದ್ದ ಒಂದು ಸರ್ವರ್ ಲೀಡರ್, ಮಿಕ್ಕವು ಅದರ ಮಾತು ಕೇಳುವ ಫಾಲೋವರ್‌ಗಳು. ಫಾಲೋವರ್‌ಗೆ ಲೀಡರ್‌ನಿಂದ ಹಾರ್ಟ್‌ಬೀಟ್, ಅಂದರೆ "ನಾನಿನ್ನೂ ಇದ್ದೇನೆ" ಅನ್ನುವ ಮೆಸೇಜ್, ಬಂದಾಗಲೆಲ್ಲ ಟೈಮರ್ ಮತ್ತೆ ಮೊದಲಿನಿಂದ ಶುರುವಾಗಬೇಕು. ಆದರೆ ಹಳೇ ಟೈಮರ್‌ನ ಘಟನೆ ಆಗಲೇ ಸರತಿಯಲ್ಲಿ ಕೂತಿರುತ್ತದೆ. ಅದನ್ನು ಹುಡುಕಿ ತೆಗೆಯುವ ಗೋಜಿಗೆ ಹೋಗಲಿಲ್ಲ. ಪ್ರತಿ ಸರ್ವರ್ ತನ್ನ ಟೈಮರ್‌ಗೆ ಒಂದು ನಂಬರ್ ಇಟ್ಟುಕೊಂಡಿದೆ. ಹೊಸದಾಗಿ ಶುರು ಮಾಡಿದಾಗ ನಂಬರ್ ಒಂದು ಹೆಚ್ಚುತ್ತದೆ. ಸರತಿಯಿಂದ ಬಂದ ಘಟನೆಯ ನಂಬರ್ ಈಗಿನದಕ್ಕೆ ಹೊಂದದಿದ್ದರೆ ಅದನ್ನು ಕೈಬಿಡುತ್ತೇನೆ. ಸರ್ವರ್ ಸತ್ತಾಗಲೂ ಇದೇ ಉಪಾಯ ಸಾಕು.

ಇನ್ನೊಂದು, ರಾಂಡಮ್ ಸಂಖ್ಯೆಗಳು. ರಾಫ್ಟ್‌ನಲ್ಲಿ ಪ್ರತಿ ಸರ್ವರ್ ತನ್ನ ಚುನಾವಣಾ ಟೈಮ್‌ಔಟ್ ಅನ್ನು, ಅಂದರೆ ಲೀಡರ್ ಸುದ್ದಿ ಇಲ್ಲದೇ ಎಷ್ಟು ಹೊತ್ತು ಕಾದು ತಾನೇ ಲೀಡರ್ ಆಗಲು ಓಟು ಕೇಳಬೇಕು ಅನ್ನುವುದನ್ನು, ರಾಂಡಮ್ ಆಗಿ ಆರಿಸಿಕೊಳ್ಳುತ್ತದೆ. ಪ್ರಬಂಧದಲ್ಲಿ ಸೂಚಿಸಿರುವುದು 150ರಿಂದ 300 ಮಿಲಿಸೆಕೆಂಡ್. ಎಲ್ಲರೂ ಒಟ್ಟಿಗೆ ಎದ್ದು ಓಟು ಕೇಳಿ ಯಾರಿಗೂ ಬಹುಮತ ಬರದೇ ಹೋಗುವುದು ಇದರಿಂದ ಅಪರೂಪವಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಮ್ಯಾತ್ ರಾಂಡಮ್‌ಗೆ ಸೀಡ್ (ರಾಂಡಮ್ ಸಂಖ್ಯೆಗಳ ಸರಣಿ ಶುರುವಾಗುವ ಸಂಖ್ಯೆ) ಕೊಡಲು ಬರುವುದಿಲ್ಲ. ಹಾಗಾಗಿ ಜಾರ್ಜ್ ಮಾರ್ಸಾಗ್ಲಿಯಾ 2003ರಲ್ಲಿ ಕೊಟ್ಟ ಎಕ್ಸ್‌ಆರ್‌ಶಿಫ್ಟ್ ಅನ್ನುವ ರಾಂಡಮ್ ಸಂಖ್ಯೆಯ ವಿಧಾನ ಹಾಕಿದೆ. ನಾಲ್ಕು ಸಾಲಿನ ಕೆಲಸ. ಸೀಡ್ ಒಂದೇ ಆದರೆ ಕಥೆಯೂ ಒಂದೇ. ಓದುವವರು ಮಾಡಿದ್ದೂ ಅದೇ ಸರತಿಯಲ್ಲಿ ಸಮಯದ ಸಮೇತ ದಾಖಲಾಗುವುದರಿಂದ, ಸೀಡ್ ಮತ್ತು ಆ ಪಟ್ಟಿ ಇದ್ದರೆ ನಡೆದದ್ದನ್ನೆಲ್ಲ ಮತ್ತೆ ಹಾಗೇ ಓಡಿಸಬಹುದು. ಹಿಂದೆ ಮುಂದೆ ಎಳೆಯುವ ಸ್ಲೈಡರ್ ಇದರಿಂದಲೇ ಸಾಧ್ಯವಾಯಿತು. ಕಲಿಯುವವರಿಗೆ ಈ ಸ್ಲೈಡರ್‌ಗಿಂತ ಉಪಯೋಗದ್ದು ಇಡೀ ಪುಟದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. "ಅಯ್ಯೋ, ಈಗ ಏನಾಯ್ತು?" ಅನ್ನಿಸಿದ ತಕ್ಷಣ ಹಿಂದಕ್ಕೆ ಎಳೆದು ನೋಡಬಹುದಲ್ವಾ.

ಎಂಜಿನ್ ಪರದೆಯಿಂದ ಬೇರೆ ಇರುವುದರಿಂದ ಪರೀಕ್ಷೆಯೂ ಸಲೀಸಾಯಿತು. ಬೇರೆ ಬೇರೆ ಸೀಡ್ ಕೊಟ್ಟು, ನಡುನಡುವೆ ಸರ್ವರ್ ಕೊಂದು ಎಬ್ಬಿಸಿ, ಮೆಸೇಜ್ ಬೀಳಿಸಿ ರಾತ್ರಿಯಿಡೀ ಓಡಿಸಲು ಬಿಟ್ಟೆ. ಪ್ರತಿ ಹೆಜ್ಜೆಗೂ ಎರಡು ಪ್ರಶ್ನೆ: ಒಂದು ಟರ್ಮ್‌ನಲ್ಲಿ (ಚುನಾವಣೆ ಶುರುವಾದಾಗಲೆಲ್ಲ ಒಂದು ಹೆಚ್ಚುವ ಅವಧಿಯ ನಂಬರ್) ಒಬ್ಬರಿಗಿಂತ ಹೆಚ್ಚು ಲೀಡರ್ ಇದ್ದಾರೆಯೇ? ಕಮಿಟ್ ಆದ, ಅಂದರೆ ಇನ್ನು ಅಳಿಯುವುದಿಲ್ಲ ಅಂತ ಖಾತ್ರಿಯಾದ, ಎಂಟ್ರಿ (ಬರೆದುಕೊಂಡ ಒಂದು ಮಾಹಿತಿ) ಎಲ್ಲಾದರೂ ಬದಲಾಯಿತೇ? ಕಲಿಸುವ ಪುಟದಲ್ಲೇ ತಪ್ಪು ರಾಫ್ಟ್ ಓಡಿದರೆ ಅದು ಕಲಿಯುವವರಿಗೆ ಮಾಡುವ ಮೋಸ. ಆದ್ದರಿಂದ ಈ ಎರಡಕ್ಕೂ ಉತ್ತರ ಶುದ್ಧವಾಗಿ ಬರುವ ತನಕ ಒಂದು ಗೆರೆಯನ್ನೂ ಬಿಡಿಸಲಿಲ್ಲ.

ಸಮಯವನ್ನು ಎಷ್ಟು ಹಿಗ್ಗಿಸುವುದು

ತುಂಬಾ ಯೋಚನೆ ಬೇಡಿದ ಭಾಗ ಇದು. ನನ್ನ ಸಿಮ್ಯುಲೇಟರ್‌ನಲ್ಲಿ ಒಂದು ಮೆಸೇಜ್ ತಲುಪಲು ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ಇಟ್ಟಿದ್ದೇನೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ನೂರು ಪಟ್ಟು ನಿಧಾನ ಮಾಡಿದರೆ ಒಂದು ಸೆಕೆಂಡ್ ಆಗುತ್ತದೆ, ಹಿತವಾಗಿ ಕಾಣುತ್ತದೆ. ಆದರೆ ಅದೇ ಲೆಕ್ಕದಲ್ಲಿ 300 ಮಿಲಿಸೆಕೆಂಡಿನ ಟೈಮ್‌ಔಟ್ 30 ಸೆಕೆಂಡ್ ಆಗುತ್ತದೆ. ಖಾಲಿ ಪರದೆ ನೋಡುತ್ತಾ ಯಾರೂ ಅರ್ಧ ನಿಮಿಷ ಕೂರುವುದಿಲ್ಲ.

ಟೈಮ್‌ಔಟ್ ಅನ್ನೇ 40 ಮಿಲಿಸೆಕೆಂಡಿಗೆ ಇಳಿಸಿದರೆ ಆಗದೇ? ನೋಡಲು ಚುರುಕಾಗುತ್ತದೆ, ಆದರೆ ವಿಷಯವೇ ಕೆಡುತ್ತದೆ. ಮೆಸೇಜ್ ಓಡಾಡುವ ಸಮಯ ಟೈಮ್‌ಔಟ್‌ಗಿಂತ ತುಂಬಾ ಕಮ್ಮಿ ಇರಬೇಕು ಅನ್ನುವುದೇ ರಾಫ್ಟ್ ನಿಂತಿರುವ ನೆಲ. ಎರಡೂ ಹತ್ತಿರ ಬಂದರೆ ಒಬ್ಬರಿಗೆ ಓಟು ತಲುಪುವಷ್ಟರಲ್ಲಿ ಇನ್ನೊಬ್ಬರು ಎದ್ದಿರುತ್ತಾರೆ, ಚುನಾವಣೆ ಮೇಲೆ ಚುನಾವಣೆ ನಡೆಯುತ್ತದೆ. ರಾಫ್ಟ್ ಅಂದರೆ ಯಾವಾಗಲೂ ಹೀಗೇ ಕಿತ್ತಾಡುತ್ತಿರುತ್ತದೆ ಅಂತ ಓದುವವರು ತಿಳಿಯುತ್ತಾರೆ.

ಅದಕ್ಕೆ ಪ್ರಮಾಣ ಹಾಗೇ ಇಟ್ಟು ವೇಗವನ್ನು ಬದಲಿಸಿದೆ. ಮುಖ್ಯವಾದ ಮೆಸೇಜ್ ಹಾರುತ್ತಿರುವಾಗ ನೂರು ಪಟ್ಟು ನಿಧಾನ, ಏನೂ ನಡೆಯದಿರುವಾಗ ಹತ್ತು ಪಟ್ಟು ಮಾತ್ರ. ಆಗ 300 ಮಿಲಿಸೆಕೆಂಡಿನ ಕಾಯುವಿಕೆ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂಲೆಯಲ್ಲಿ ಸಿಮ್ಯುಲೇಷನ್‌ನ ಗಡಿಯಾರ ಮಿಲಿಸೆಕೆಂಡಿನಲ್ಲೇ ಓಡುತ್ತಿರುತ್ತದೆ. ವೇಗ ಹೆಚ್ಚಿದಾಗ ಅದರ ಹಿನ್ನೆಲೆ ಬಣ್ಣ ಬದಲಾಗುತ್ತದೆ. ನಿಜವಾದ ಸಮಯ ಎಷ್ಟಾಯಿತು ಅನ್ನುವುದನ್ನು ಮುಚ್ಚಿಡಬಾರದು.

ಹಾರ್ಟ್‌ಬೀಟ್ ಇಲ್ಲಿ ತೊಡಕು. ಲೀಡರ್ ಪ್ರತಿ 50 ಮಿಲಿಸೆಕೆಂಡಿಗೆ ಒಮ್ಮೆ ನಾಲ್ವರಿಗೂ ಕಳಿಸುತ್ತಲೇ ಇರುತ್ತದೆ. ಪ್ರತಿ ಸಲವೂ ನಿಧಾನವಾದರೆ ಪುಟ ತೆವಳುತ್ತದೆ. ಹಾಗಾಗಿ ಯಾವ ಬಗೆಯ ಮೆಸೇಜ್ ಬಂದರೆ ನಿಧಾನವಾಗಬೇಕು ಅನ್ನುವುದನ್ನು ಪ್ರತಿ ಪಾಠವೂ ತಾನೇ ಹೇಳುತ್ತದೆ. ಮೊದಲ ಪಾಠದಲ್ಲಿ ಹಾರ್ಟ್‌ಬೀಟೇ ವಿಷಯ, ಅದನ್ನು ನಿಧಾನವಾಗಿ ತೋರಿಸುತ್ತೇನೆ. ಆಮೇಲಿನ ಪಾಠಗಳಲ್ಲಿ ಅದು ತೆಳ್ಳಗಿನ ಗೆರೆಯಾಗಿ ಮಿಂಚಿ ಹೋಗುತ್ತದೆ. ಓಟು ಅಥವಾ ಎಂಟ್ರಿ ಹೊತ್ತ ಮೆಸೇಜ್‌ಗೆ ಮಾತ್ರ ಗಡಿಯಾರ ನಿಧಾನವಾಗುತ್ತದೆ. ವೇಗ ಒಮ್ಮೆಲೇ ಬದಲಾದರೆ ಬ್ರೌಸರ್ ತಡವರಿಸಿದ ಹಾಗೆ ಕಾಣುತ್ತದೆ. ಕಾಲು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಯುವ ಹಾಗೆ ಮಾಡಿದ ಮೇಲೆ ಕಣ್ಣಿಗೆ ಒಪ್ಪಿತು.

ಟ್ಯಾಬ್ ಬದಲಿಸಿದಾಗ ಬ್ರೌಸರ್ ಫ್ರೇಮ್ ಕೊಡುವುದನ್ನು ನಿಲ್ಲಿಸುತ್ತದೆ. ವಾಪಸ್ ಬಂದಾಗ ಹತ್ತು ನಿಮಿಷದ ಅಂತರ ಒಂದೇ ಏಟಿಗೆ ಬಂದು ಸಿಮ್ಯುಲೇಷನ್ ಎಲ್ಲೋ ಹಾರಿಬಿಡುತ್ತದೆ. ಎರಡು ಫ್ರೇಮ್ ನಡುವಿನ ಅಂತರ 50 ಮಿಲಿಸೆಕೆಂಡಿಗಿಂತ ಜಾಸ್ತಿ ಇದ್ದರೆ 50 ಅಂತಲೇ ಲೆಕ್ಕ ಹಿಡಿದೆ. ಅಲ್ಲಿಗೆ ಅದು ಮುಗಿಯಿತು.

ಪೆಟ್ಟಿಗೆಗಳು ಮತ್ತು ಬೆರಳು

ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ದಾರಿಗಳಲ್ಲಿ ಕ್ಯಾನ್ವಾಸ್ ಬಿಟ್ಟು ಎಸ್‌ವಿಜಿ ಹಿಡಿದೆ. ಐದು ಸರ್ವರ್, ಒಂದಷ್ಟು ಮೆಸೇಜ್. ಇಷ್ಟಕ್ಕೆ ಎಸ್‌ವಿಜಿ ಧಾರಾಳ ಸಾಕು. ಮೆಸೇಜ್ ತೋರಿಸುವ ಪ್ರತಿ ಚುಕ್ಕೆಯೂ ಪುಟದಲ್ಲಿ ಬೇರೆಯೇ ಒಂದು ಭಾಗ (ಎಲಿಮೆಂಟ್) ಆದ್ದರಿಂದ ಅದನ್ನು ಮುಟ್ಟಿದ್ದು ಗೊತ್ತಾಗುತ್ತದೆ, ಕೀಬೋರ್ಡ್‌ನಿಂದಲೂ ತಲುಪಬಹುದು. ಮೊಬೈಲ್‌ನಲ್ಲಿ ಓಡುವ ಚುಕ್ಕೆಯನ್ನು ಬೆರಳಿನಿಂದ ಹಿಡಿಯುವುದು ಕಷ್ಟ. ಅದಕ್ಕೆ ಪ್ರತಿ ಚುಕ್ಕೆಯ ಸುತ್ತ 44 ಪಿಕ್ಸೆಲ್ ಅಗಲದ ಕಾಣದ ವೃತ್ತ ಇಟ್ಟೆ, ಮುಟ್ಟಿದ್ದು ಅದಕ್ಕೆ ತಗುಲಿದರೂ ಸಾಕು. ಟರ್ಮ್‌ಗೊಂದು ಬಣ್ಣ ಇದೆ. ಬಣ್ಣ ಗುರುತಿಸಲಾಗದವರೂ ಓದುತ್ತಾರೆ, ಹಾಗಾಗಿ ಪ್ರತಿ ಎಂಟ್ರಿಯ ಒಳಗೆ ಟರ್ಮ್ ನಂಬರೂ ಇದೆ. ಅನಿಮೇಷನ್ ಕಮ್ಮಿ ಇರಲಿ ಅಂತ ಸಿಸ್ಟಂನಲ್ಲೇ ಹೇಳಿಟ್ಟವರಿಗೆ ಚುಕ್ಕೆ ಹಾರುವುದಿಲ್ಲ. ಒಂದೊಂದೇ ಹೆಜ್ಜೆ ಬಟನ್ ಒತ್ತಿ ಮುಂದೆ ಹೋಗಬಹುದು.

ಸರ್ವರ್ ಪೆಟ್ಟಿಗೆಯನ್ನು ಎರಡು ಪಾಲು ಮಾಡಿದ್ದು ನನಗೆ ತುಂಬಾ ಸಮಾಧಾನ ಕೊಟ್ಟ ನಿರ್ಧಾರ. ಕೆಳಗಿನ ಪಟ್ಟಿ ಡಿಸ್ಕ್: ಈಗಿನ ಟರ್ಮ್ ಯಾವುದು, ಈ ಟರ್ಮ್‌ನಲ್ಲಿ ಯಾರಿಗೆ ಓಟು ಹಾಕಿದೆ, ಮತ್ತು ಲಾಗ್, ಅಂದರೆ ಎಂಟ್ರಿಗಳ ಕ್ರಮವಾದ ಪಟ್ಟಿ. ಮೇಲಿನದು ಮೆಮೊರಿ: ನಾನು ಲೀಡರೋ ಫಾಲೋವರೋ, ಎಲ್ಲಿಯವರೆಗೆ ಕಮಿಟ್ ಆಗಿದೆ ಇತ್ಯಾದಿ. ಸರ್ವರ್ ಕೊಂದಾಗ ಮೇಲಿನ ಪಾಲು ಖಾಲಿಯಾಗುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಇದಕ್ಕೆ ವಿವರಣೆಯ ಸಾಲೇ ಬೇಕಾಗಲಿಲ್ಲ.

ಅಲ್ಲೇ ಒಂದು ಸ್ವಿಚ್ ಇದೆ: "ಯಾರಿಗೆ ಓಟು ಹಾಕಿದೆ" ಅನ್ನುವುದನ್ನು ಡಿಸ್ಕ್‌ನಿಂದ ಮೆಮೊರಿಗೆ ಸರಿಸುವುದು. ಸರಿಸಿ ನೋಡಿ. ಮೂರನೇ ಸರ್ವರ್ ಒಂದನೆಯದಕ್ಕೆ ಓಟು ಹಾಕುತ್ತದೆ. ಅದನ್ನು ಕೊಂದು ಎಬ್ಬಿಸಿ. ಹಾಕಿದ ಓಟು ಅದಕ್ಕೆ ಮರೆತುಹೋಗಿದೆ, ಅದೇ ಟರ್ಮ್‌ನಲ್ಲಿ ಎರಡನೆಯದಕ್ಕೂ ಹಾಕುತ್ತದೆ. ಈಗ ಒಂದನೆಯದಕ್ಕೆ ಒಂದು, ಮೂರು, ನಾಲ್ಕರ ಓಟು; ಎರಡನೆಯದಕ್ಕೆ ಎರಡು, ಮೂರು, ಐದರ ಓಟು. ಇಬ್ಬರಿಗೂ ಮೂರು ಮೂರು. ಒಂದೇ ಟರ್ಮ್‌ಗೆ ಇಬ್ಬರು ಲೀಡರ್. ಡಿಸ್ಕ್‌ಗೆ ಯಾಕೆ ಬರೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಸಿಕ್ಕಿಲ್ಲ.

ಐದನೇ ಪಾಠ

ರಾಫ್ಟ್‌ನಲ್ಲಿ ಒಂದು ನಿಯಮ ಇದೆ, ಓದಿದವರಲ್ಲಿ ಹೆಚ್ಚಿನವರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಲೀಡರ್ ತನ್ನ ಈಗಿನ ಟರ್ಮ್‌ನ ಎಂಟ್ರಿಯನ್ನು ಮಾತ್ರ, ಅದರ ನಕಲು ಎಷ್ಟು ಸರ್ವರ್‌ಗಳಲ್ಲಿದೆ ಅಂತ ಎಣಿಸಿ ಕಮಿಟ್ ಮಾಡಬಹುದು. ಹಳೇ ಟರ್ಮ್‌ನ ಎಂಟ್ರಿ ಬಹುಮತದ ಸರ್ವರ್‌ಗಳಲ್ಲಿ ಇದ್ದರೂ ಅಷ್ಟರಿಂದಲೇ ಅದು ಕಮಿಟ್ ಆಗುವುದಿಲ್ಲ. ಯಾಕೆ? ಮೂರು ಕಡೆ ಇದೆಯಲ್ಲ, ಇನ್ನೇನು ಬೇಕು?

ಈ ಪಾಠಕ್ಕೆ ಸನ್ನಿವೇಶವನ್ನು ನಾನೇ ಹೊಂದಿಸಿ ಕೊಟ್ಟಿದ್ದೇನೆ, ಒತ್ತುವ ಕೆಲಸ ಓದುವವರದ್ದು. ನಿಯಮವನ್ನು ಆಫ್ ಮಾಡಿ ಶುರು ಮಾಡಬೇಕು. ಟರ್ಮ್ 2ರಲ್ಲಿ ಒಂದನೇ ಸರ್ವರ್ ಲೀಡರ್. ಒಂದು ಎಂಟ್ರಿ ಬರುತ್ತದೆ, ಅದು ಎರಡನೆಯದಕ್ಕೆ ಮಾತ್ರ ತಲುಪುತ್ತದೆ, ಅಷ್ಟರಲ್ಲಿ ಲೀಡರ್ ಅನ್ನು ಕೊಲ್ಲಬೇಕು. ಟರ್ಮ್ 3ರಲ್ಲಿ ಐದನೆಯದು ಮೂರು, ನಾಲ್ಕರ ಓಟು ಪಡೆದು ಗೆಲ್ಲುತ್ತದೆ. ಅದೇ ಜಾಗಕ್ಕೆ ತನ್ನದೇ ಎಂಟ್ರಿ ಬರೆದುಕೊಳ್ಳುತ್ತದೆ. ಯಾರಿಗೂ ಕಳಿಸುವ ಮುಂಚೆ ಅದನ್ನೂ ಕೊಲ್ಲಬೇಕು. ಈಗ ಒಂದನೆಯದನ್ನು ಎಬ್ಬಿಸಿದರೆ ಟರ್ಮ್ 4ರಲ್ಲಿ ಮತ್ತೆ ಅದೇ ಲೀಡರ್. ಟರ್ಮ್ 2ರ ತನ್ನ ಹಳೇ ಎಂಟ್ರಿಯನ್ನು ಮೂರನೆಯದಕ್ಕೂ ಕಳಿಸುತ್ತದೆ. ಒಂದು, ಎರಡು, ಮೂರು: ಬಹುಮತ ಆಯಿತು. ನಿಯಮ ಆಫ್ ಮಾಡಿದ್ದರಿಂದ ಎಂಟ್ರಿಗೆ ಕಮಿಟ್ ಗುರುತು ಬೀಳುತ್ತದೆ.

ಇಲ್ಲಿ ಪುಟ ತಾನಾಗಿ ನಿಲ್ಲುತ್ತದೆ, ಒಂದು ಪ್ರಶ್ನೆ ಕೇಳುತ್ತದೆ: ಈಗ ಒಂದನೆಯದು ಸತ್ತು ಐದನೆಯದು ಎದ್ದರೆ ಅದು ಗೆಲ್ಲಬಲ್ಲದೇ? ಉತ್ತರ ಆರಿಸುವ ತನಕ ಪುಟ ಮುಂದೆ ಹೋಗುವುದಿಲ್ಲ. ಈ ತಡೆ ಕೆಲವರಿಗೆ ಕಿರಿಕಿರಿ ಅನ್ನಿಸಿತು. ನಾನು ತೆಗೆಯಲಿಲ್ಲ. ಊಹೆ ಮಾಡದೇ ನೋಡಿದವರ ಕಣ್ಣು ಚುಕ್ಕೆಯ ಹಿಂದೆ ಹೋಗುತ್ತದೆ. ಊಹೆ ಮಾಡಿದವರ ಕಣ್ಣು ನೇರವಾಗಿ ಲಾಗ್‌ನ ಕೊನೆಯ ಪೆಟ್ಟಿಗೆ ಮೇಲೆ ಇರುತ್ತದೆ, ಉತ್ತರ ಇರುವುದೂ ಅಲ್ಲೇ.

ಐದನೆಯದು ಗೆಲ್ಲುತ್ತದೆ. ಓಟು ಹಾಕುವವರು ನೋಡುವುದು ಕೊನೆಯ ಎಂಟ್ರಿಯ ಟರ್ಮ್; ಅದು ಸಮ ಇದ್ದರೆ ಮಾತ್ರ ಲಾಗ್‌ನ ಉದ್ದ. ಐದನೆಯದರ ಕೊನೆಯ ಎಂಟ್ರಿ ಟರ್ಮ್ 3, ಎರಡು ಮತ್ತು ಮೂರರದ್ದು ಟರ್ಮ್ 2, ನಾಲ್ಕರದ್ದು ಅದಕ್ಕೂ ಹಳೆಯದು. ಮೂವರೂ ಓಟು ಹಾಕುತ್ತಾರೆ. ಗೆದ್ದ ಐದನೆಯದು ತನ್ನ ಎಂಟ್ರಿಯನ್ನು ಎಲ್ಲರ ಲಾಗ್‌ನಲ್ಲೂ ಬರೆಯುತ್ತದೆ. ಕಮಿಟ್ ಗುರುತು ಬಿದ್ದಿದ್ದ ಎಂಟ್ರಿ ಅಳಿಸಿಹೋಗುತ್ತದೆ. ಎಂಜಿನ್ ಪರೀಕ್ಷೆಗೆ ಬರೆದ ಎರಡನೇ ಪ್ರಶ್ನೆಯೇ ಇಲ್ಲಿ ಪರದೆ ಮೇಲೆ ಕೆಂಪಾಗಿ ಎದ್ದು ನಿಲ್ಲುತ್ತದೆ: "ಕಮಿಟ್ ಆದ ಎಂಟ್ರಿ ಬದಲಾಯಿತು."

ಆಮೇಲೆ ಸ್ಲೈಡರ್ ಹಿಂದಕ್ಕೆ ಎಳೆದು, ನಿಯಮ ಹಾಕಿ, ಮತ್ತೆ ಓಡಿಸಬೇಕು. ಈ ಸಲ ಮೂರು ಕಡೆ ಇದ್ದರೂ ಗುರುತು ಬೀಳುವುದಿಲ್ಲ. ಅಳಿಸಿಹೋದರೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಇನ್ನೊಂದು ದಾರಿಯೂ ಇದೆ: ಒಂದನೆಯದು ಸಾಯುವ ಮುಂಚೆ ಟರ್ಮ್ 4ರ ಒಂದು ಹೊಸ ಎಂಟ್ರಿಯನ್ನು ಬಹುಮತಕ್ಕೆ ತಲುಪಿಸಿದರೆ ಎರಡೂ ಒಟ್ಟಿಗೆ ಕಮಿಟ್ ಆಗುತ್ತವೆ. ಆಗ ಐದನೆಯದು ಎದ್ದು ಬಂದರೂ ಗೆಲ್ಲಲಾರದು. ಮೂವರ ಲಾಗ್ ಟರ್ಮ್ 4ರಲ್ಲಿ ಮುಗಿಯುತ್ತದೆ, ಟರ್ಮ್ 3ರವರಿಗೆ ಅವರು ಓಟು ಹಾಕುವುದಿಲ್ಲ.

ಬೇರೆಯವರ ಕೈಗೆ ಕೊಟ್ಟಾಗ

ಪರಿಚಯದ ಕೆಲವರಿಗೆ ಕೊಟ್ಟು, ಏನೂ ಹೇಳದೇ ಪಕ್ಕದಲ್ಲಿ ಕೂತು ನೋಡಿದೆ. ಎಲ್ಲರೂ ಮೊದಲು ಮಾಡಿದ್ದು ಲೀಡರ್ ಅನ್ನು ಕೊಲ್ಲುವುದು. ಹಾಗಾಗಿ ಮೊದಲ ಪಾಠದ ಪಠ್ಯವನ್ನು ಅರ್ಧಕ್ಕೆ ಇಳಿಸಿ, ಕೊಲ್ಲುವ ಕೆಲಸವನ್ನೇ ಮೊದಲಿಗೆ ತಂದೆ.

ನೆಟ್‌ವರ್ಕ್ ಎರಡು ಭಾಗವಾಗುವ ಪಾಠದಲ್ಲಿ ಒಂದೇ ಸಂದೇಹ ಮತ್ತೆ ಮತ್ತೆ ಬಂತು. ಇಬ್ಬರ ಕಡೆ ಹಳೇ ಲೀಡರ್, ಮೂವರ ಕಡೆ ಹೊಸ ಲೀಡರ್. "ಒಬ್ಬರೇ ಲೀಡರ್ ಅಂದಿರಲ್ಲ, ಇಲ್ಲಿ ಇಬ್ಬರಿದ್ದಾರೆ?" ಕೇಳಿದ್ದು ನ್ಯಾಯವೇ. ರಾಫ್ಟ್ ಕೊಡುವ ಭರವಸೆ ಒಂದು ಟರ್ಮ್‌ಗೆ ಒಬ್ಬರು ಅನ್ನುವುದು. ಅದನ್ನು ವಾಕ್ಯದಲ್ಲಿ ಹೇಳಿದರೆ ಸಾಲಲಿಲ್ಲ. ಲೀಡರ್ ಗುರುತಿನ ಒಳಗೇ ಟರ್ಮ್ ನಂಬರ್ ದೊಡ್ಡದಾಗಿ ಹಾಕಿದೆ. ಹಳೇ ಲೀಡರ್‌ಗೂ ಒಂದು ಎಂಟ್ರಿ ಕೊಡಿ ಅಂತ ಪಾಠದಲ್ಲಿ ಸೇರಿಸಿದೆ. ಅದು ಬರೆದುಕೊಳ್ಳುತ್ತದೆ, ಪಕ್ಕದವರಿಗೆ ಕಳಿಸುತ್ತದೆ, ಆದರೆ ಇಬ್ಬರಿಂದ ಬಹುಮತ ಆಗುವುದಿಲ್ಲ. ಎಂಟ್ರಿ ಕಮಿಟ್ ಆಗದೇ ಹಾಗೇ ಕೂತಿರುತ್ತದೆ. ನೆಟ್‌ವರ್ಕ್ ಸರಿಯಾದ ಕ್ಷಣ ದೊಡ್ಡ ಟರ್ಮ್ ನೋಡಿ ಹಳೇ ಲೀಡರ್ ಕೆಳಗಿಳಿಯುತ್ತದೆ. ಇದಾದ ಮೇಲೆ ಆ ಪ್ರಶ್ನೆ ಬರುವುದು ನಿಂತಿತು.

ಇನ್ನು ಬಾಕಿ ಇರುವುದು ಸರ್ವರ್‌ಗಳ ಸಂಖ್ಯೆ ಬದಲಿಸುವ ಪಾಠ. ಮೂರು ಇದ್ದದ್ದನ್ನು ಐದು ಮಾಡಬೇಕು ಅಂದುಕೊಳ್ಳಿ. ಹೊಸ ಪಟ್ಟಿ ಎಲ್ಲರಿಗೂ ಒಂದೇ ಕ್ಷಣ ತಲುಪುವುದಿಲ್ಲ. ಹಳೇ ಪಟ್ಟಿ ನಂಬಿದ ಒಂದು ಮತ್ತು ಎರಡು ಸೇರಿದರೆ ಮೂವರಲ್ಲಿ ಬಹುಮತ. ಹೊಸ ಪಟ್ಟಿ ನಂಬಿದ ಮೂರು, ನಾಲ್ಕು, ಐದು ಸೇರಿದರೆ ಐವರಲ್ಲಿ ಬಹುಮತ. ಎರಡು ಗುಂಪಿನಲ್ಲೂ ಇರುವ ಸರ್ವರ್ ಒಂದೂ ಇಲ್ಲ. ಅಂದರೆ ಒಂದೇ ಟರ್ಮ್‌ನಲ್ಲಿ ಇಬ್ಬರು ಲೀಡರ್ ಆಗಬಹುದು. ಇದಕ್ಕೆ ಪ್ರಬಂಧದಲ್ಲಿರುವ ಪರಿಹಾರ, ನಡುವಿನ ಹಂತದಲ್ಲಿ ಹಳೇ ಪಟ್ಟಿಯ ಬಹುಮತ ಮತ್ತು ಹೊಸ ಪಟ್ಟಿಯ ಬಹುಮತ ಎರಡನ್ನೂ ಕೇಳುವುದು. ಎಂಜಿನ್‌ನಲ್ಲಿ ಇದು ಓಡುತ್ತಿದೆ, ಪರೀಕ್ಷೆಯೂ ದಾಟಿದೆ. ಒಂದೊಂದು ಸರ್ವರ್ ಯಾವ ಪಟ್ಟಿ ನಂಬಿಕೊಂಡಿದೆ ಅನ್ನುವುದನ್ನು ಪೆಟ್ಟಿಗೆಯ ಡಿಸ್ಕ್ ಪಾಲಿನಲ್ಲೇ, ಮೊಬೈಲ್ ಪರದೆಯಲ್ಲೂ ಓದುವ ಹಾಗೆ ತೋರಿಸುವುದು ಹೇಗೆ ಅಂತ ಈಗ ಬಿಡಿಸಿ ನೋಡುತ್ತಿದ್ದೇನೆ.